ವಿಜ್ಞಾನಿಯೇಕೆ ಒಂದೇ ವಿಷಯವನ್ನು ಹಿಡಿಯುತ್ತಾನೆ?



ಇಂದಿನ ವಿಜ್ಞಾನಿ ಒಂದೇ ಅಣುವನ್ನೋ ಒಂದೇ ಕೀಟವನ್ನೋ ಹಿಡಿದು ಆಯುಷ್ಯವನ್ನೆಲ್ಲ ಕಳೆಯುತ್ತಾನೆ. ಇದರಿಂದ ಲೋಕಕ್ಕೇನು ಪ್ರಯೋಜನ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಮಕ್ಕಳನ್ನು ಓದಿಸುವ ತಂದೆತಾಯಿಗಳಿಗೆ ಈ ಸಂದೇಹ ಸಹಜವೇ. ಉತ್ತರವನ್ನು ದೂರದಲ್ಲಿ ಅರಸಬೇಕಾಗಿಲ್ಲ. ನೀಲಗಿರಿ, ವಯನಾಡುಗಳ ಗಿರಿಜನರಲ್ಲಿ ಕಾಣುವ ಒಂದು ರೋಗದ ಕಥೆಯೇ ಸಾಕು.

ಅದು ಸಿಕಲ್ ಸೆಲ್ ರೋಗ. ಇದರಲ್ಲಿ ದುಂಡಾದ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳನ್ನು ಕಟ್ಟುತ್ತವೆ. ರೋಗಿಯು ರಕ್ತಹೀನತೆಯಿಂದಲೂ ತೀವ್ರವಾದ ನೋವಿನಿಂದಲೂ ಬಳಲುತ್ತಾನೆ. 1910ರಲ್ಲಿ ಷಿಕಾಗೋದ ವೈದ್ಯರಾದ ಜೇಮ್ಸ್ ಹೆರಿಕ್ ಇಂತಹ ಕಣಗಳನ್ನು ವರ್ಣಿಸಿದರು. 1949ರಲ್ಲಿ ರಸಾಯನವಿಜ್ಞಾನಿ ಲೈನಸ್ ಪಾಲಿಂಗರೂ ಅವರ ಸಂಗಡಿಗರೂ ದೋಷವಿರುವುದು ರಕ್ತದ ಹೀಮೋಗ್ಲೋಬಿನ್ ಅಣುವಿನಲ್ಲೆಂದು ತೋರಿಸಿದರು. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಗಿರಿಜನರಲ್ಲಿ ಇದರ ಕುರುಹನ್ನು ಕಂಡರು.

ಈ ನಡುವೆ ಕೇಂಬ್ರಿಜ್ಜಿನಲ್ಲಿ ಮ್ಯಾಕ್ಸ್ ಪೆರುಟ್ಜ್ 1937ರಿಂದಲೇ ಆ ಒಂದು ಅಣುವಿನ ರಚನೆಯನ್ನು ತಿಳಿಯಲು ತೊಡಗಿದ್ದರು. ಕ್ಷಕಿರಣದ ಚಿತ್ರಗಳಿಂದ ರಚನೆಯನ್ನು ಓದುವ ಉಪಾಯ ಹೊಳೆದುದು 1953ರಲ್ಲಿ. ರಚನೆಯ ಮೊದಲ ರೂಪ ದೊರೆತುದು 1959ರಲ್ಲಿ. ಅವರ ಪ್ರಯೋಗಶಾಲೆಯಲ್ಲಿಯೇ ವರ್ನನ್ ಇಂಗ್ರಾಮ್ 1956-57ರಲ್ಲಿ ರೋಗದ ಮೂಲವನ್ನು ಕಂಡರು: 146 ಕೊಂಡಿಗಳ ಸರಪಣಿಯೊಂದರಲ್ಲಿ ಒಂದೇ ಒಂದು ಕೊಂಡಿ ಬದಲಾಗಿತ್ತು!

ಎಲ್ಲವನ್ನೂ ಮೇಲೆ ಮೇಲೆ ನೋಡುವವನಿಗೆ ಆ ಒಂದು ಕೊಂಡಿ ಕಾಣುವುದುಂಟೇ? ಇಂದು ಜ್ಞಾನರಾಶಿಯು ಒಬ್ಬನ ಆಯುಷ್ಯಕ್ಕೆ ಮೀರಿದುದು. ಒಂದು ವಿಧಾನವನ್ನು ಕೈವಶ ಮಾಡಿಕೊಳ್ಳಲು ವರ್ಷಗಳೇ ಬೇಕು. ಸೂಕ್ಷ್ಮವಾದ ಪ್ರಶ್ನೆ ಏಳುವುದೂ ಬಹುಕಾಲ ಹತ್ತಿರವಿದ್ದು ನೋಡಿದವನಿಗೇ. ಆದುದರಿಂದ ಕ್ಷೇತ್ರ ಕಿರಿದಾದುದು ಬುದ್ಧಿಯ ಸಂಕೋಚದಿಂದಲ್ಲ. ಆದರೆ ವೈದ್ಯ, ರಸಾಯನಜ್ಞ, ಭೌತವಿಜ್ಞಾನಿ ಇವರು ತಮ್ಮ ತಮ್ಮ ಕೋಣೆಯ ಬಾಗಿಲು ಮುಚ್ಚಿ ಕುಳಿತಿದ್ದರೆ ಈ ಕಥೆ ಪೂರ್ಣವಾಗುತ್ತಿರಲಿಲ್ಲವೆಂಬುದನ್ನೂ ಮರೆಯಬಾರದು.

ಹೀಗೆ ಬಂದ ಅರಿವಿನಿಂದ ನಮಗಾದ ಉಪಕಾರವೇನು? ರೋಗವು ಶಾಪವಲ್ಲ, ಸೋಂಕೂ ಅಲ್ಲ. ತಂದೆತಾಯಿಗಳಿಬ್ಬರಿಂದಲೂ ದೋಷ ಬಂದ ಮಗುವಿಗೆ ಅದು ತಗಲುತ್ತದೆಂದು ತಿಳಿಯಿತು. ಮದುವೆಗೆ ಮೊದಲೇ ರಕ್ತಪರೀಕ್ಷೆಯಿಂದ ಇದನ್ನು ಅರಿಯಬಹುದು. 2023ರಲ್ಲಿ ಭಾರತ ಸರ್ಕಾರವು ಇದರ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿತು.

ಪ್ರಯೋಗಶಾಲೆಯ ಈ ಅರಿವನ್ನು ಮನೆಮನೆಗೆ ತಿಳಿಗನ್ನಡದಲ್ಲಿ ತಲುಪಿಸುವುದು ಗಡಿನಾಡಿನ ನಮ್ಮೆಲ್ಲರ ಹೊಣೆ. ನಮ್ಮ ಮಕ್ಕಳಲ್ಲೊಬ್ಬರು ನಾಳೆ ಒಂದು ಕಿರಿಯ ವಿಷಯವನ್ನು ಹಿಡಿದು ಹೊರಟರೆ, ಅವರನ್ನು ಹರಸಿ ಕಳುಹಿಸೋಣ.