ಗದ್ದೆಯೊಳಗೆ ನೀರು ಅಳೆಯೋಣ



ನಾನು ಸರ್ಕಾರಿ ಎಂಜಿನಿಯರ್ ಆಗಿ ಕಾಲುವೆಗಳ ಮೇಲೆ ದುಡಿದು ನಿವೃತ್ತನಾದವನು. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಬಹುಪಾಲು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ಮೇಲ್ಭಾಗದವರು ಭತ್ತ ಹಚ್ಚಿದರು; ಕೊನೆಯಂಚಿನ ಹೊಲಗಳು ಬಾಯಾರಿದವು. ನಾವು ತೂಬಿನಲ್ಲಿ ನೀರು ಅಳೆದೆವು, ಗದ್ದೆಯಲ್ಲಿ ಅಳೆಯಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಸದಾ ನೀರು ನಿಂತ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಅಲ್ಲಿ ಸೂಕ್ಷ್ಮಜೀವಿಗಳು ಮೀಥೇನ್ ಹುಟ್ಟಿಸುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಮಳೆ ಹದ ತಪ್ಪಿದರೆ ಮೊದಲು ಸೋಲುವವರು ನಾವೇ.

ಉಪಾಯ ಸರಳ. 30 ಸೆಂ.ಮೀ. ಉದ್ದದ ಪೈಪಿನ ಕೆಳಭಾಗಕ್ಕೆ ರಂಧ್ರ ಕೊರೆದು, 20 ಸೆಂ.ಮೀ. ನೆಲದೊಳಗೆ ಇಳಿಸಿ, ಒಳಗಿನ ಮಣ್ಣು ತೆಗೆಯಿರಿ. ನಾಟಿಯಾಗಿ ಎರಡು ವಾರದ ಬಳಿಕ, ಪೈಪಿನೊಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮಾತ್ರ ಮತ್ತೆ ನೀರು ಹಾಯಿಸಿ. ಹೂವಾಡುವ ಹೊತ್ತಿನಲ್ಲಿ 5 ಸೆಂ.ಮೀ. ನೀರು ನಿಂತಿರಲಿ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರ ಮಾಡಿದ ಈ ಪದ್ಧತಿಯಲ್ಲಿ ಶೇ. 30ರವರೆಗೆ ನೀರು ಉಳಿಯುತ್ತದೆ, ಮೀಥೇನ್ ಗಣನೀಯವಾಗಿ ಇಳಿಯುತ್ತದೆ. ಸರಿಯಾಗಿ ಮಾಡಿದರೆ ಇಳುವರಿ ಕುಗ್ಗದು.

ಆದರೆ ಒಬ್ಬರಿಂದ ಇದು ಆಗದು. ಮುಂದಿನ ಸರದಿಯ ನೀರು ಖಚಿತವಿದ್ದರಷ್ಟೇ ರೈತ ಧೈರ್ಯವಾಗಿ ಗದ್ದೆ ಒಣಗಲು ಬಿಡುತ್ತಾನೆ. ಅದಕ್ಕೆ ನೀರು ಬಳಕೆದಾರರ ಸಂಘ ಸರದಿ ಬರೆದು ಹಚ್ಚಬೇಕು, ಅಧಿಕಾರಿಗಳು ಅದನ್ನು ನಡೆಸಬೇಕು.

2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಎಲ್ಲರೂ ಮರುಗಿದೆವು. ಗದ್ದೆಯಿಂದ ದಿನವೂ ಬಸಿದುಹೋಗುವ ನೀರಿಗೂ ಮರುಗೋಣ. ಈ ಹಂಗಾಮಿಗೆ ಊರಿಗೊಂದು ಗದ್ದೆಯಲ್ಲಾದರೂ ಪೈಪು ಇಳಿಯಲಿ. ಉಳಿದ ನೀರು ಕೆಳಗಿನವರ ಹೊಲ ಮುಟ್ಟಲಿ.