ಸಂಶೋಧನೆಗೂ ಸಲ್ಲಲಿ ಸಮುದಾಯದ ದಾನ

(ಪುಣೆಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ಊರಿನಿಂದ ದೂರವಿರುವ ನಾವು ಊರಿಗೆಂದು ಧಾರಾಳವಾಗಿ ಕೊಡುತ್ತ ಬಂದವರು. ದೇವಾಲಯದ ಜೀರ್ಣೋದ್ಧಾರಕ್ಕೆ, ಶಾಲೆಯ ಕೊಠಡಿಗೆ, ಆಸ್ಪತ್ರೆಯ ಹಾಸಿಗೆಗೆ ನಮ್ಮ ಹಣ ಸಂದಿದೆ. ಆ ಊರಿನ ರೋಗವನ್ನು ಅರಿಯುವ ಸಂಶೋಧನೆಗೆ ಸಂದದ್ದು ಮಾತ್ರ ವಿರಳ. ನಾನಿಂದು ಅರಿಕೆ ಮಾಡುವುದು ಇದೊಂದೇ ವಿಷಯ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಜನರೂ ಜ್ವರಕ್ಕೆ ಬಲಿಯಾದರು. ಆ 'ಮಂಗನ ಕಾಯಿಲೆ'ಯ ವೈರಾಣುವನ್ನು ಗುರುತಿಸಿದವರು ಇದೇ ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು. 1952ರಲ್ಲಿ ಆ ಕೇಂದ್ರ ಹುಟ್ಟಿದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನಗಳ ಸಹಯೋಗದಿಂದ. ದೂರದೇಶದ ದಾನವೂ ನಮ್ಮ ಮಲೆನಾಡಿನ ರೋಗಮೂಲವನ್ನು ಅರಸಲು ಒದಗಿತೆಂಬುದನ್ನು ನಾವು ಮರೆಯಬಾರದು.

ಈ ರೋಗವನ್ನು ಹರಡುವುದು ಕಾಡಿನ ಉಣ್ಣಿ. ಅದಕ್ಕೆ ತುತ್ತಾಗುವವರು ಸೌದೆಗೆ, ದರಗಿಗೆ, ದನ ಮೇಯಿಸಲು ಕಾಡಿಗೆ ಹೋಗುವ ಬಡವರು. ಅವರ ಸಂಖ್ಯೆ ಅಲ್ಪ, ಕೊಳ್ಳುವ ಶಕ್ತಿ ಇನ್ನೂ ಅಲ್ಪ. ಆದುದರಿಂದ ಔಷಧ ಕಂಪನಿಗಳಿಗೆ ಇಲ್ಲಿ ಲಾಭ ಕಾಣದು. ಹಲವು ದಶಕ ನೀಡಿದ ಲಸಿಕೆಯನ್ನು ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ರೋಗವಾದರೋ 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗವನ್ನೂ ಮುಟ್ಟಿತು.

ಇದು ಸರ್ಕಾರದ ಹೊಣೆಯಲ್ಲವೇ ಎಂದು ನೀವು ಕೇಳಬಹುದು. ನಿಸ್ಸಂದೇಹವಾಗಿ ಹೌದು, ದಾನವು ಸರ್ಕಾರಕ್ಕೆ ನುಣುಚಿಕೊಳ್ಳುವ ದಾರಿಯಾಗಕೂಡದು. ಆದರೆ ಕೇಂದ್ರ ಸರ್ಕಾರದ ಕಡತಗಳ ನಡುವೆ ದಶಕಗಳನ್ನು ಕಳೆದ ನಾನು ಒಂದು ಮಾತನ್ನು ಹೇಳಬಲ್ಲೆ. ನಮ್ಮ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಂಗನ ಕಾಯಿಲೆಯ ಕಾಲವೋ ಚಳಿಗಾಲದಲ್ಲಿ ಮೊದಲಾಗಿ ಮಳೆ ಹಿಡಿಯುವವರೆಗೆ. ಉಳಿದ ಹಣ ಹಿಂದಿರುಗಿ, ಹೊಸ ಮಂಜೂರಾತಿ ಬರುವ ಹೊತ್ತಿನಲ್ಲಿಯೇ ಕಾಡಿನಲ್ಲಿ ಕೆಲಸವಿರುತ್ತದೆ. ಉಣ್ಣಿಗೆ ವಿನಿಯೋಗ ಪ್ರಮಾಣಪತ್ರದ ಹಂಗಿಲ್ಲ! ಈ ಬಿರುಕನ್ನು ತುಂಬಬಲ್ಲದ್ದು ಸಮುದಾಯದ ಹಣ.

ಇದಕ್ಕೆ ಮೇಲ್ಪಂಕ್ತಿ ಹತ್ತಿರದಲ್ಲಿಯೇ ಇದೆ. ಮುಂಬಯಿಯ ಪ್ಲೇಗಿನ ದಿನಗಳಲ್ಲಿ ಹಾಫ್‌ಕಿನ್ 1897ರ ಜನವರಿಯಲ್ಲಿ ತಮ್ಮ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಬಳಿಕ ಮೂರನೆಯ ಆಗಾ ಖಾನರು ಖುಷ್ರೂ ಲಾಡ್ಜ್ ಎಂಬ ತಮ್ಮ ಕಟ್ಟಡವನ್ನು ಅವರ ಪ್ರಯೋಗಾಲಯಕ್ಕೆ ಬಿಟ್ಟುಕೊಟ್ಟರು. ತಾವೂ ಲಸಿಕೆ ಹಾಕಿಸಿಕೊಂಡು ತಮ್ಮ ಸಮುದಾಯದ ಸಾವಿರಾರು ಜನರನ್ನು ಅದಕ್ಕೆ ಒಪ್ಪಿಸಿದರು. ಅಲ್ಲಿ ಸಮುದಾಯ ಕೊಟ್ಟದ್ದು ಆಸ್ತಿಯನ್ನಷ್ಟೇ ಅಲ್ಲ, ವಿಶ್ವಾಸವನ್ನು ಕೂಡ.

ನಮ್ಮ ಸಂಘ ಲಸಿಕೆಯನ್ನು ತಯಾರಿಸಲಾರದು. ಆದರೆ ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಉಣ್ಣಿ ಸಂಗ್ರಹಿಸುವ ಕ್ಷೇತ್ರ ಸಹಾಯಕನ ಸಂಬಳ, ಜೀಪಿನ ಇಂಧನ, ಒಬ್ಬ ಯುವ ಸಂಶೋಧಕನ ವಿದ್ಯಾರ್ಥಿವೇತನ ಇವು ನಮ್ಮ ಅಳವಿಗೆ ಮೀರಿದವಲ್ಲ. ಎರಡು ನಿಬಂಧನೆಗಳಿರಲಿ: ವಿಷಯದ ಆಯ್ಕೆ ತಜ್ಞರದು, ದಾನಿಗಳದಲ್ಲ, ಲೆಕ್ಕಪತ್ರ ಮಾತ್ರ ದಾನಿಗಳಿಗೂ ಮಲೆನಾಡಿನ ಜನರಿಗೂ ಕನ್ನಡದಲ್ಲಿಯೇ ತಲುಪಬೇಕು.

ಇಂತಹ ದಾನಕ್ಕೆ ಅಮೃತಶಿಲೆಯ ಫಲಕ ದೊರೆಯದು. ಹತ್ತು ವರ್ಷ ಫಲವೂ ಕಾಣದಿರಬಹುದು. ಅಷ್ಟು ತಾಳ್ಮೆಯನ್ನು ಸೇರಿಸಿ ಕೊಡಬಲ್ಲೆವೇ ಎಂಬುದನ್ನು ಸಂಘದ ಮುಂದಿನ ಸರ್ವಸದಸ್ಯರ ಸಭೆ ನಿರ್ಧರಿಸಬೇಕೆಂದು ಕೋರುತ್ತೇನೆ.