ಛಲ ಬಿಡದವನು, ಮರುಳು ತಿಳಿದವನು



ಹಾಸನ ಜಿಲ್ಲೆಯಲ್ಲಿ ನಾಟಕೋತ್ಸವ ಶುರುವಾಗುವಾಗ ಮೊದಲು ನೆನೆಯಬೇಕಾದವನು ರನ್ನ. ಮುಧೋಳದ ಆ ಕವಿಗೆ ಆಸರೆಯಾದವನು ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ. ಅಲ್ಲಿನ ಚಿಕ್ಕಬೆಟ್ಟದ ಬಂಡೆಯ ಮೇಲಿರುವ ‘ಕವಿರತ್ನ’ ಎಂಬ ಬರಹ ರನ್ನನದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅವನ ‘ಗದಾಯುದ್ಧ’ ಕಾವ್ಯದೊಳಗೆ ನಾಟಕ ಅಡಗಿದೆ ಎಂದು ಕಂಡುಕೊಂಡ ಬಿ.ಎಂ. ಶ್ರೀಕಂಠಯ್ಯನವರು (‘ಶ್ರೀ’) 1926ರಲ್ಲಿ ‘ಗದಾಯುದ್ಧ ನಾಟಕಂ’ ಕೊಟ್ಟರು. 1929ರಲ್ಲಿ ‘ಅಶ್ವತ್ಥಾಮನ್’ ಬಂತು. ಎರಡೂ ದುರಂತ ನಾಟಕಗಳು, ಎರಡರ ನಾಯಕರೂ ಕೌರವರ ಪಾಳಯದವರು.

ಹಳ್ಳಿಗಳ ಕುರುಕ್ಷೇತ್ರ ನಾಟಕಗಳಲ್ಲಿ ದುರ್ಯೋಧನನ ಪಾತ್ರಕ್ಕೆ ಇರುವ ಮರ್ಯಾದೆ ಇಲ್ಲಿನವರಿಗೆ ಹೊಸದಲ್ಲ. ಕೆಡುಕನೆಂದು ಗೊತ್ತಿದ್ದೂ ಜನ ಅವನಿಗಾಗಿ ಮರುಗುತ್ತಾರೆ. ರನ್ನನಲ್ಲಿ ಈ ಮರುಕಕ್ಕೆ ಗಟ್ಟಿ ಕಾರಣವಿದೆ. ಸಂಜಯನೊಡನೆ ರಣರಂಗದಲ್ಲಿ ನಡೆಯುವ ದೊರೆ ದ್ರೋಣನನ್ನು, ಮಗ ಲಕ್ಷಣಕುಮಾರನನ್ನು, ದುಶ್ಶಾಸನನನ್ನು, ಕರ್ಣನನ್ನು ಒಬ್ಬೊಬ್ಬರಾಗಿ ಹೆಣವಾಗಿ ಕಾಣುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಪರಾಕ್ರಮಕ್ಕೂ ತಲೆಬಾಗುತ್ತಾನೆ. ಶರಶಯ್ಯೆಯ ಭೀಷ್ಮ ಸಂಧಿ ಮಾಡಿಕೊ ಎಂದಾಗ ಅವನು ಒಪ್ಪುವುದಿಲ್ಲ: ಕರ್ಣನನ್ನು ಕೊಂದ ಅರ್ಜುನ, ದುಶ್ಶಾಸನನನ್ನು ಕೊಂದ ಭೀಮ, ಇಬ್ಬರೂ ಸತ್ತ ಮೇಲೆ ಧರ್ಮಜನೊಡನೆ ಸಂಧಿಯಾಗಲಿ ಎನ್ನುತ್ತಾನೆ. ಇಲ್ಲಿ ಛಲವನ್ನೂ ಪ್ರೀತಿಯನ್ನೂ ಬೇರ್ಪಡಿಸಲು ಬರುವುದಿಲ್ಲ. ತನ್ನವರ ಮೇಲಿನ ಅಕ್ಕರೆಯೇ ಅವನನ್ನು ಮುಂದಕ್ಕೆ ನೂಕುತ್ತದೆ, ಅದೇ ಅವನನ್ನು ಉರುಳಿಸುತ್ತದೆ. ಅವನು ಕಣ್ಣು ತೆರೆದುಕೊಂಡೇ ನಾಶಕ್ಕೆ ನಡೆದವನು.

ಅಶ್ವತ್ಥಾಮನದು ಬೇರೆ ದಾರಿ.

ಗ್ರೀಕ್ ಕವಿ ಸೋಫೋಕ್ಲಿಸನ ‘ಅಯಾಸ್’ ನಾಟಕದ ಅಚ್ಚಿನಲ್ಲಿ ಶ್ರೀಯವರು ಇವನನ್ನು ಎರಕ ಹೊಯ್ದರು. ಅಕಿಲೀಸನ ಆಯುಧಗಳು ತನಗೆ ದಕ್ಕಲಿಲ್ಲವೆಂಬ ಕೋಪ ಅಯಾಸನದು. ಅಥೀನಾ ದೇವಿ ಕವಿಸಿದ ಮರುಳಿನಲ್ಲಿ ಅವನು ಶತ್ರುಗಳೆಂದು ಭ್ರಮಿಸಿ ದನಕುರಿಗಳನ್ನು ಕಡಿಯುತ್ತಾನೆ. ಮರುಳು ತಿಳಿದಾಗ ನಾಚಿಕೆ ತಾಳಲಾರದೆ ಕತ್ತಿಯ ಮೇಲೆ ಬೀಳುತ್ತಾನೆ. ಮಲಗಿದ್ದ ಉಪಪಾಂಡವರನ್ನು ದೊರೆಗಾಗಿ ಕೊಂದ ದ್ರೋಣಪುತ್ರನಲ್ಲಿ ಶ್ರೀಯವರು ಇದೇ ಉರಿಯನ್ನು ಕಂಡರು. ಹೆಂಡತಿ ಭಾರ್ಗವಿಯ ಮೊರೆಯೂ ಅವನನ್ನು ತಡೆಯಲಾರದು. ಚಿರಂಜೀವಿಯೆಂದು ನಾಡು ನಂಬಿದವನನ್ನೇ ರಂಗದ ಮೇಲೆ ಸಾಯಿಸಲು ಎಂಟೆದೆ ಬೇಕು. ಸಂಪ್ರದಾಯದ ಕಣ್ಣಿಗೆ ಅದು ತಪ್ಪೆನಿಸಿದರೂ ನಾಟಕದ ನ್ಯಾಯಕ್ಕೆ ಅದು ಸರಿ: ತನ್ನ ಕೃತ್ಯವನ್ನು ಕಣ್ಣಾರೆ ನೋಡಿಕೊಂಡವನಿಗೆ ಸಾವಿಲ್ಲದ ಬಾಳು ಇನ್ನಾವ ಬಿಡುಗಡೆಯನ್ನು ಕೊಟ್ಟೀತು?

ಛಲದಂಕಮಲ್ಲ ದುರ್ಯೋಧನನಿಗೆ ತನ್ನ ತಪ್ಪು ತಪ್ಪೆನಿಸುವುದೇ ಇಲ್ಲ. ಅಶ್ವತ್ಥಾಮನಿಗೆ ಅದು ಅನಿಸಿದ್ದೇ ಕೊನೆ. ನಟರಿಗೆ ಎರಡನೆಯದು ಹೆಚ್ಚು ಕಷ್ಟ. ದುರ್ಯೋಧನನಿಗೆ ಗದೆಯಿದೆ, ಆರ್ಭಟವಿದೆ, ಮುಖಾಮುಖಿ ನಿಲ್ಲುವ ಭೀಮನಿದ್ದಾನೆ. ಅಶ್ವತ್ಥಾಮನ ಎದುರಾಳಿ ಅವನ ಒಳಗೇ ಇದ್ದಾನೆ. ಹಳಗನ್ನಡದ ಮಾತನ್ನು ಉಸಿರು ಕಡಿಯದೆ ನುಡಿಯುತ್ತ ಆ ಒಳಗಿನ ಕದನವನ್ನು ಹಿಂದಿನ ಸಾಲಿನವರಿಗೂ ಮುಟ್ಟಿಸಬೇಕು. ಜಿಲ್ಲೆಯ ತರುಣ ತಂಡಗಳು ಈ ನಾಟಕವನ್ನು ಕಾಲೇಜಿನ ಪಠ್ಯದಿಂದ ಬಿಡಿಸಿ ರಂಗಕ್ಕೆ ತರಲಿ, ತಿಂಗಳುಗಟ್ಟಲೆ ತಾಲೀಮು ನಡೆಸಲಿ. ಆ ಕೋರಿಕೆಯೊಂದಿಗೆ ಈ ನಾಟಕೋತ್ಸವ ಉದ್ಘಾಟನೆಯಾಗಿದೆ.